ಹತ್ತನೇ ರಿವ್ಯೂ ಯಾರು ಬರೀತಾರೆ?

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ ಹುಡುಕುವ ಅಭ್ಯಾಸ ಇರುವವರೆಲ್ಲ ಇಂಥ ಒಂದು ಪೇಜ್ ನೋಡಿಯೇ ಇರುತ್ತೀರಿ. ಮೇಲೆ ಗೇಮ್‌ನ ಹೆಸರು, ಕೈಯಲ್ಲಿ ಬಿಡಿಸಿದ ಒಂದು ಚಿತ್ರ. ಒಂದೂವರೆ ನಿಮಿಷದ ಟ್ರೇಲರ್, ಐದಾರು ಸ್ಕ್ರೀನ್‌ಶಾಟ್. ಪಕ್ಕದಲ್ಲಿ ರಿವ್ಯೂ ಇರಬೇಕಾದ ಜಾಗದಲ್ಲಿ ನೀಲಿ ಅಕ್ಷರದ ‘ವೆರಿ ಪಾಸಿಟಿವ್’ ಇಲ್ಲ, ‘ನೆಗೆಟಿವ್’ ಕೂಡ ಇಲ್ಲ. ‘8 ಯೂಸರ್ ರಿವ್ಯೂಸ್’ ಅಂತ ಮಂಕಾದ ಒಂದು ಸಾಲು, ಅಷ್ಟೇ. ಬಿಡುಗಡೆಯ ದಿನಾಂಕ ನೋಡಿದರೆ ಎರಡು ವರ್ಷ ಹಳೆಯದು. ಎರಡು ವರ್ಷದಲ್ಲಿ ಎಂಟೇ ಎಂಟು ಜನ ಬಾಯಿ ಬಿಟ್ಟಿದ್ದಾರೆ. ಓದಿ ನೋಡಿದರೆ ಎಂಟೂ ಜನ ಖುಷಿಯಾಗಿದ್ದಾರೆ. ಹಾಗಾದರೆ ಉಳಿದವರು ಎಲ್ಲಿ?

ಉಳಿದವರು ಬರಲೇ ಇಲ್ಲ. ಇಂಥ ಪೇಜ್ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಗುತ್ತದೆ. ಇದರ ಹಿಂದೆ ಯಾರೋ ಒಬ್ಬರು ಅಥವಾ ಇಬ್ಬರು ವರ್ಷಗಟ್ಟಲೆ ಕೂತಿರುತ್ತಾರೆ. ಗೇಮ್ ಚೆನ್ನಾಗಿಯೇ ಇರುತ್ತದೆ. ಆದರೆ ಆಡಿದವರು ಇನ್ನೊಬ್ಬರಿಗೆ ಹೇಳಿರುವುದಿಲ್ಲ. ಚಿಕ್ಕ ಗೇಮ್‌ಗಳ ಸೋಲಿನಲ್ಲಿ ಈ ಮೌನದ ಪಾಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಅನ್ನುವುದು ನನ್ನ ನಂಬಿಕೆ. ಯಾರಿಗೆ ಯಾವ ಗೇಮ್ ತೋರಿಸಬೇಕು ಅಂತ ಆರಿಸುವ ಅಂಗಡಿಯ ಯಂತ್ರ, ಓಡುತ್ತಿರುವ ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸುತ್ತದೆ. ನಿಂತ ಗಾಡಿಯನ್ನು ಮೊದಲ ಸಲ ತಳ್ಳುವುದಕ್ಕೆ ಮನುಷ್ಯರ ಕೈಯೇ ಬೇಕು.

ಮೊದಲು ಲೆಕ್ಕ ನೋಡೋಣ. ವಾಲ್ವ್ ಕಂಪನಿ ಸ್ಟೀಮ್ ಶುರು ಮಾಡಿದ್ದು 2003ರಲ್ಲಿ. ಅಲ್ಲಿ ಬೇರೆಯವರ ಗೇಮ್ ಮಾರಲು ಶುರುವಾದ ಮೇಲೂ ಯಾವುದು ಒಳಗೆ ಬರಬೇಕು ಅನ್ನುವುದನ್ನು ಬಹಳ ಕಾಲ ಕಂಪನಿಯವರೇ ನೋಡಿ ತೀರ್ಮಾನಿಸುತ್ತಿದ್ದರು. 2012ರಲ್ಲಿ ‘ಗ್ರೀನ್‌ಲೈಟ್’ ಬಂತು. ಆಟಗಾರರು ವೋಟು ಹಾಕಿ ಯಾವ ಗೇಮ್ ಬೇಕು ಅಂತ ಹೇಳುವ ಏರ್ಪಾಡು ಅದು. 2017ರ ಜೂನ್‌ನಲ್ಲಿ ಅದನ್ನೂ ಮುಚ್ಚಿ ‘ಸ್ಟೀಮ್ ಡೈರೆಕ್ಟ್’ ತಂದರು. ಒಂದು ಗೇಮ್‌ಗೆ 100 ಡಾಲರ್ ಕಟ್ಟಿದರೆ, ಕಾಗದಪತ್ರ ಸರಿ ಇದ್ದರೆ, ಯಾರು ಬೇಕಾದರೂ ಮಾರಬಹುದು. ಗೇಮ್ 1,000 ಡಾಲರ್ ದುಡಿದರೆ ಆ 100 ಡಾಲರ್ ವಾಪಸ್ ಬರುತ್ತದೆ. ಬಾಗಿಲು ಹೀಗೆ ತೆರೆದ ಮೇಲೆ ಏನಾಯಿತು? 2024ರ ಒಂದೇ ವರ್ಷದಲ್ಲಿ ಸ್ಟೀಮ್‌ಗೆ ಬಂದ ಗೇಮ್‌ಗಳ ಸಂಖ್ಯೆ 18,000 ದಾಟಿತು. ದಿನಕ್ಕೆ 50ರ ಹತ್ತಿರ. ದಿನಾ ಸಂಜೆ ಕೂತು ಒಂದೊಂದನ್ನೇ ಆಡಿದರೂ ಒಂದು ವರ್ಷದ ಸರಕು ಮುಗಿಯಲು ಸುಮಾರು 50 ವರ್ಷ ಬೇಕು.

ಬಾಗಿಲು ತೆರೆದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರಲ್ಲಿ ಬಂದದ್ದು ಗ್ರೀನ್‌ಲೈಟ್ ದಾರಿಯಿಂದಲೇ. ದೊಡ್ಡ ಕಂಪನಿಯ ಮೀಟಿಂಗ್ ರೂಮಿನಲ್ಲಿ ಕೂತು ಯಾರೂ ಒಪ್ಪದ ಯೋಚನೆಗಳು ಈಗ ಗೇಮ್ ಆಗಿ ಹೊರಗೆ ಬರುತ್ತಿವೆ. ತೊಂದರೆ ಇರುವುದು ಬೇರೆ ಕಡೆ. ಮುಂಚೆ ‘ಒಳಗೆ ಹೋಗುವುದು ಹೇಗೆ’ ಅನ್ನುವುದು ಕಷ್ಟದ ಪ್ರಶ್ನೆ ಆಗಿತ್ತು. ಈಗ ಒಳಗೆ ಹೋದ ಮೇಲೆ ಯಾರ ಕಣ್ಣಿಗಾದರೂ ಬೀಳುವುದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆ.

ಯಂತ್ರ ಏನು ನೋಡುತ್ತದೆ?

ಸ್ಟೀಮ್‌ನ ಮುಖಪುಟದಲ್ಲಿ ಯಾವ ಗೇಮ್ ತೋರಿಸಬೇಕು ಅನ್ನುವುದು ಬಹುಪಾಲು ಅಲ್ಗಾರಿದಮ್‌ನ, ಅಂದರೆ ತಾನಾಗಿ ಲೆಕ್ಕ ಹಾಕಿ ಆರಿಸುವ ಪ್ರೋಗ್ರಾಂನ ಕೆಲಸ. ಅದಕ್ಕೆ ಗೇಮ್ ಆಡಿ ನೋಡಲು ಬರುವುದಿಲ್ಲ. ಅದು ನೋಡುವುದು ಜನರ ಹೆಜ್ಜೆ ಗುರುತುಗಳನ್ನು. ಎಷ್ಟು ಜನ ಕೊಂಡರು, ಎಷ್ಟು ಹೊತ್ತು ಆಡಿದರು, ಎಷ್ಟು ಜನ ಆಮೇಲೆ ಕೊಳ್ಳೋಣ ಅಂತ ವಿಶ್‌ಲಿಸ್ಟ್‌ಗೆ ಹಾಕಿಕೊಂಡರು. ಹೆಜ್ಜೆ ಗುರುತು ಜಾಸ್ತಿ ಇರುವ ಕಡೆಗೆ ಇನ್ನಷ್ಟು ಜನರನ್ನು ಕಳಿಸುತ್ತದೆ. ನಿಮ್ಮ ರುಚಿಗೆ ತಕ್ಕದ್ದು ಅಂತ ಅದು ತೋರಿಸುವುದು ನೀವು ಈಗಾಗಲೇ ಆಡಿದ್ದರ ಹತ್ತಿರದ್ದನ್ನೇ. ಕಾರ್ಡ್ ಗೇಮ್ ಆಡಿದವರಿಗೆ ಮತ್ತೊಂದು ಕಾರ್ಡ್ ಗೇಮ್. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಯಾವ ಹೆಸರಿಟ್ಟು ಕರೆಯಬೇಕು ಅಂತಲೇ ಗೊತ್ತಾಗದ ಗೇಮ್ ಒಂದು ಬಂದರೆ ಈ ಯಂತ್ರಕ್ಕೆ ಅದನ್ನು ಯಾರ ಮುಂದೆ ಇಡಬೇಕು ಅನ್ನುವುದು ತಿಳಿಯುವುದಿಲ್ಲ.

ಈಗ ಆ ಎಂಟು ರಿವ್ಯೂಗೆ ಬರೋಣ. ಒಂದು ಗೇಮ್‌ಗೆ ಹತ್ತು ರಿವ್ಯೂ ಆಗುವವರೆಗೆ ಸ್ಟೀಮ್ ಅದಕ್ಕೆ ಅಂಕವನ್ನೇ ತೋರಿಸುವುದಿಲ್ಲ. ಹತ್ತು ಆದ ಮೇಲಷ್ಟೇ ‘ಪಾಸಿಟಿವ್’, ‘ಮಿಕ್ಸ್‌ಡ್’ ಅನ್ನುವ ಹಣೆಪಟ್ಟಿ ಬರುವುದು. ಹತ್ತು ದಾಟಿದ ಮೇಲೆ ಪೇಜ್‌ಗೆ ಬರುವವರು ಹೆಚ್ಚಾದರು ಅಂತ ಗೇಮ್ ಮಾಡುವ ಎಷ್ಟೋ ಡೆವಲಪರ್‌ಗಳು ತಮ್ಮ ಅನುಭವ ಹೇಳಿಕೊಂಡಿದ್ದಾರೆ. ಯಂತ್ರದ ಮಾತು ಬಿಡಿ, ಮನುಷ್ಯರ ಮಟ್ಟಿಗೆ ಇದು ಸಹಜವೇ. ಹಣೆಪಟ್ಟಿ ಇಲ್ಲದ ಗೇಮ್‌ಗೆ ದುಡ್ಡು ಹಾಕಲು ಯಾರಾದರೂ ಹಿಂದೆ ಮುಂದೆ ನೋಡುತ್ತಾರೆ, ಅಲ್ವಾ?

ಹಾಗಾದರೆ ಡೆವಲಪರ್ ತನ್ನ ಹತ್ತು ಗೆಳೆಯರಿಗೆ ಪುಕ್ಕಟೆ ಕೀ (ದುಡ್ಡು ಕೊಡದೆ ಗೇಮ್ ಪಡೆಯುವ ಕೋಡ್) ಕೊಟ್ಟು ಬರೆಸಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. 2016ರಿಂದ ಸ್ಟೀಮ್‌ನಲ್ಲೇ ಕೊಂಡವರ ರಿವ್ಯೂ ಮಾತ್ರ ಅಂಕದ ಲೆಕ್ಕಕ್ಕೆ ಬರುತ್ತದೆ. ಕೀ ಹಾಕಿ ಆಡಿದವರು ಬರೆಯಬಹುದು, ಅದು ಪೇಜ್‌ನಲ್ಲಿ ಕಾಣುತ್ತದೆ, ಆದರೆ ಎಣಿಕೆಗೆ ಇಲ್ಲ. ರಿವ್ಯೂಗೆ ಬದಲಾಗಿ ಏನಾದರೂ ಕೊಡುವುದಕ್ಕೂ ನಿಷೇಧ ಇದೆ. ಒಳ್ಳೆಯ ನಿಯಮಗಳೇ. ಇವು ಇಲ್ಲದೆ ಇದ್ದಿದ್ದರೆ ರಿವ್ಯೂ ಅನ್ನುವುದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಆದರೆ ಇದರ ಅರ್ಥ ಇಷ್ಟೇ: ಆ ಹತ್ತು ಜನ ಅಪರಿಚಿತರೇ ಆಗಿರಬೇಕು. ತಾವಾಗಿ ಬಂದು, ಕೊಂಡು, ಆಡಿ, ಆಮೇಲೆ ಐದು ನಿಮಿಷ ಕೂತು ಬರೆಯಬೇಕು. ಲಕ್ಷ ರಿವ್ಯೂ ಇರುವ ಗೇಮ್‌ಗೆ ನಿಮ್ಮ ಒಂದು ರಿವ್ಯೂ ಸಮುದ್ರಕ್ಕೆ ಒಂದು ಹನಿ. ಎಂಟು ಇರುವ ಗೇಮ್‌ಗೆ ಅದು ಒಂಬತ್ತನೆಯದು.

ಸ್ಟ್ರೀಮರ್ ಬೆಳಕು ಬಿದ್ದಲ್ಲಿ

ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ದೊಡ್ಡ ಸ್ಟ್ರೀಮರ್‌ಗಳು, ಯೂಟ್ಯೂಬರ್‌ಗಳು ಈ ಕೆಲಸ ಮಾಡುವುದಿಲ್ಲವಾ ಅಂತ ಕೇಳಬಹುದು. ಮಾಡುತ್ತಾರೆ. ‘ಅಮಾಂಗ್ ಅಸ್’ ಕಥೆ ಬಹಳ ಜನಕ್ಕೆ ಗೊತ್ತು. ಇನ್ನರ್‌ಸ್ಲಾತ್ ಅನ್ನುವ ಪುಟ್ಟ ತಂಡ ಅದನ್ನು 2018ರಲ್ಲೇ ಬಿಡುಗಡೆ ಮಾಡಿತ್ತು. ಎರಡು ವರ್ಷ ಅದರ ಸುದ್ದಿಯೇ ಇರಲಿಲ್ಲ. 2020ರಲ್ಲಿ ಸ್ಟ್ರೀಮರ್‌ಗಳು ಗೆಳೆಯರ ಜೊತೆ ಆಡಲು ಶುರು ಮಾಡಿದ ಮೇಲೆ ಜಗತ್ತೇ ಆಡಿತು. ಆ ಆಗಸ್ಟ್‌ನಲ್ಲಿ ತಂಡದವರು ಎರಡನೇ ಭಾಗ ಮಾಡುತ್ತೇವೆ ಅಂತ ಹೇಳಿ, ಮರು ತಿಂಗಳೇ ಅದನ್ನು ಕೈಬಿಟ್ಟು, ಹಳೆಯದನ್ನೇ ಸರಿಪಡಿಸಲು ಕೂತರು. ಮೂಲ ಆಟ ಅದೇ ಆಗಿತ್ತು. ನೋಡುವವರು ಬಂದರು, ಅಷ್ಟೇ.

ಲೂಕಾ ಗಲಾಂಟೆ ಮಾಡಿದ ‘ವ್ಯಾಂಪೈರ್ ಸರ್ವೈವರ್ಸ್’ ಕೂಡ ಹಾಗೇ. 2021ರ ಡಿಸೆಂಬರ್‌ನಲ್ಲಿ ಸ್ಟೀಮ್‌ಗೆ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿ ಮುಗಿಯುವ ಮುಂಚೆಯೇ ಮಾರಾಟಕ್ಕೆ ಬಂದಾಗ ಅದರ ಸ್ಕ್ರೀನ್‌ಶಾಟ್ ನೋಡಿ ಯಾರೂ ಕೊಳ್ಳುವ ಹಾಗಿರಲಿಲ್ಲ. ಹಳೇ ಕಾಲದ ಗೊಂಬೆ ಚಿತ್ರ, ಪರದೆ ತುಂಬ ಬಾವಲಿ. ಮರು ತಿಂಗಳು ಯೂಟ್ಯೂಬ್‌ನಲ್ಲಿ ಕೆಲವರು ಆಡಿ ತೋರಿಸಿದ ಮೇಲೆ ಎಲ್ಲ ಉಲ್ಟಾ ಆಯಿತು. 2023ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ‘ಅತ್ಯುತ್ತಮ ಗೇಮ್’ ಪ್ರಶಸ್ತಿಯೇ ಬಂತು.

ಆದರೆ ಈ ಬೆಳಕಿಗೂ ಒಂದು ಒಲವಿದೆ. ನಾಲ್ಕು ಗೆಳೆಯರು ಕಿರುಚಾಡುತ್ತಾ ಆಡುವ ಗೇಮ್ ವೀಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. 2025ರ ಜೂನ್‌ನಲ್ಲಿ ಬಂದ ‘ಪೀಕ್’ ನೋಡಿ. ಒಟ್ಟಾಗಿ ಬೆಟ್ಟ ಹತ್ತುವುದು, ಒಬ್ಬ ಜಾರಿದರೆ ಉಳಿದವರು ನಗುವುದು. ವಾರದೊಳಗೆ 10 ಲಕ್ಷ ಪ್ರತಿ ಮಾರಿತು. ಅದು ಒಳ್ಳೆಯ ಗೇಮ್, ಅದಕ್ಕೆ ಸಿಕ್ಕಿದ್ದು ಸಿಗಬೇಕಾದದ್ದೇ. ಆದರೆ ಒಬ್ಬರೇ ಕೂತು, ನಿಧಾನವಾಗಿ ಓದುತ್ತಾ, ನಡುನಡುವೆ ಪೇಪರ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾ ಆಡುವ ಗೇಮ್ ಇದೆಯಲ್ಲ, ಅದನ್ನು ಯಾರು ಸ್ಟ್ರೀಮ್ ಮಾಡುತ್ತಾರೆ? ಇಪ್ಪತ್ತು ನಿಮಿಷ ಸುಮ್ಮನೆ ಯೋಚಿಸುತ್ತಾ ಕೂತ ಮುಖವನ್ನು ಯಾರೂ ನೋಡುವುದಿಲ್ಲ. ಕಥೆಯೇ ಜೀವಾಳವಾದ ಗೇಮ್‌ಗೆ ಇನ್ನೂ ಕಷ್ಟ. ವೀಡಿಯೊ ನೋಡಿದವರಿಗೆ ಆಡಿದಷ್ಟೇ ಸಿಕ್ಕಿಬಿಡುತ್ತದೆ, ಆಮೇಲೆ ಕೊಳ್ಳುವುದಿಲ್ಲ. ಇಂಥ ಗೇಮ್‌ಗಳಿಗೆ ಉಳಿಯುವ ದಾರಿ ಒಂದೇ: ಆಡಿದವರು ಬಾಯಿಮಾತಲ್ಲೋ ಬರಹದಲ್ಲೋ ಹೇಳುವುದು.

ಎಲ್ಲಿ ಹುಡುಕಬೇಕು?

ಡೆಮೊಗಳಿಂದ, ಅಂದರೆ ಪುಕ್ಕಟೆ ಆಡಿ ನೋಡಲು ಕೊಡುವ ಗೇಮ್‌ನ ತುಣುಕುಗಳಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಸ್ಟೀಮ್‌ನ ‘ನೆಕ್ಸ್ಟ್ ಫೆಸ್ಟ್’ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್. ಇನ್ನೂ ಬಿಡುಗಡೆ ಆಗದ ಗೇಮ್‌ಗಳ ಡೆಮೊ ಒಂದು ವಾರ ಪುಕ್ಕಟೆ ಆಡಬಹುದು. ಒಂದು ಗೇಮ್‌ಗೆ ಇದರಲ್ಲಿ ಒಂದೇ ಸಲ ಅವಕಾಶ. ಹಾಗಾಗಿ ಡೆವಲಪರ್‌ಗೆ ಇದು ಪರೀಕ್ಷೆಯ ವಾರ ಇದ್ದ ಹಾಗೆ. 2025ರಲ್ಲಿ ಒಂದೊಂದು ಫೆಸ್ಟ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡೆಮೊ ಇದ್ದವು. ಇಲ್ಲೂ ಅದೇ ಗೋಳು: ಮೇಲಿನ ಸಾಲಿನಲ್ಲಿ ಕಾಣುವುದು ಆಗಲೇ ವಿಶ್‌ಲಿಸ್ಟ್ ತುಂಬಿಸಿಕೊಂಡವೇ. ಆದ್ದರಿಂದ ಫೆಸ್ಟ್ ಬಂದಾಗ ನಾನು ಮುಖಪುಟ ಬಿಟ್ಟು, ಗೇಮ್‌ನ ಬಗೆ ಹೇಳುವ ಟ್ಯಾಗ್‌ಗಳಲ್ಲಿ ಎರಡು ಮೂರು ಜೋಡಿಸಿ ಹುಡುಕುತ್ತೇನೆ. ‘ಪಜಲ್’ ಒಂದೇ ಹಾಕಿದರೆ ಸಾವಿರ ಬರುತ್ತದೆ. ಅದಕ್ಕೆ ‘ಹ್ಯಾಂಡ್ ಡ್ರಾನ್’, ‘ಶಾರ್ಟ್’ ಅಂತ ಸೇರಿಸಿದರೆ ಕೈಗೆ ಸಿಗುವಷ್ಟಕ್ಕೆ ಇಳಿಯುತ್ತದೆ. ಕೊನೆಯ ಪುಟದವರೆಗೂ ಹೋಗಬೇಕು. ಒಳ್ಳೆಯದು ಸಿಗುವುದು ಬಹಳ ಸಲ ಅಲ್ಲೇ.

2024ರ ಜುಲೈನಿಂದ ಸ್ಟೀಮ್‌ನಲ್ಲಿ ಡೆಮೊಗೇ ಬೇರೆ ಪೇಜ್ ಇಡಬಹುದು, ಅದಕ್ಕೇ ಬೇರೆ ರಿವ್ಯೂ ಬರೆಯಬಹುದು. ಇದು ಸಣ್ಣ ಬದಲಾವಣೆ ಥರ ಕಾಣುತ್ತದೆ. ಆದರೆ ಗೇಮ್ ಇನ್ನೂ ತಯಾರಾಗುತ್ತಿರುವಾಗಲೇ, ಒಂದು ರೂಪಾಯಿ ಖರ್ಚು ಮಾಡದೆ ನೀವು ಬರೆದ ನಾಲ್ಕು ಸಾಲು ಡೆವಲಪರ್ ಕೈಗೆ ಸಿಗುತ್ತದೆ. ಅಲ್ಲಿ ಬಟನ್ ಕೆಲಸ ಮಾಡಲಿಲ್ಲ, ಇಲ್ಲಿ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ ಅಂದರೆ ಅದನ್ನು ತಿದ್ದಲು ಇನ್ನೂ ಸಮಯ ಇರುತ್ತದೆ. 2024ರ ಫೆಬ್ರವರಿಯಲ್ಲಿ ಬಂದು ಒಂದು ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಿದ ‘ಬಲಾಟ್ರೋ’ದ ಡೆಮೊ ಬಿಡುಗಡೆಗೆ ಮುಂಚೆಯೇ ಕೈಯಿಂದ ಕೈಗೆ ಹೋಗಿತ್ತು. ಲೋಕಲ್‌ಥಂಕ್ ಅನ್ನುವ ಹೆಸರಿನ ಹಿಂದೆ ಇರುವ ಒಬ್ಬರೇ ಡೆವಲಪರ್ ಮಾಡಿದ ಗೇಮ್ ಅದು.

ಇನ್ನೊಂದು ಜಾಗ ಇಚ್.ಐಒ. 2013ರಲ್ಲಿ ಲೀಫ್ ಕಾರ್ಕೊರನ್ ಶುರು ಮಾಡಿದ್ದು. ಇಲ್ಲಿ ಗೇಮ್ ಹಾಕಲು ಶುಲ್ಕ ಇಲ್ಲ. ಮಾರಾಟದಲ್ಲಿ ಸೈಟ್‌ಗೆ ಎಷ್ಟು ಪಾಲು ಅನ್ನುವುದನ್ನು ಡೆವಲಪರ್ರೇ ತೀರ್ಮಾನಿಸಬಹುದು. ಹತ್ತು ನಿಮಿಷದ ಗೇಮ್, ಅರ್ಧ ಮುಗಿದ ಗೇಮ್, ಯಾರಿಗೋ ಹುಟ್ಟುಹಬ್ಬಕ್ಕೆ ಮಾಡಿಕೊಟ್ಟ ಗೇಮ್, ಎಲ್ಲ ಇಲ್ಲಿ ಸಿಗುತ್ತದೆ. ಗೇಮ್ ಜ್ಯಾಮ್‌ಗಳ ಮನೆಯೂ ಇದೇ. ಎರಡು ಮೂರು ದಿನದಲ್ಲಿ, ಕೊಟ್ಟ ವಿಷಯಕ್ಕೆ ಗೇಮ್ ಮಾಡುವ ಸ್ಪರ್ಧೆಗಳಿವು. ಇಂಥ ಹಳೆಯ ಸ್ಪರ್ಧೆಗಳಲ್ಲಿ ಒಂದು 2002ರಲ್ಲಿ ಶುರುವಾದ ‘ಲುಡಮ್ ಡೇರ್’. ಜ್ಯಾಮ್ ಗೇಮ್ ಅಂದರೆ ಒರಟೇ. ಆದರೆ ‘ಸೆಲೆಸ್ಟ್’ ಮೊದಲು ಇಬ್ಬರು ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಗೇಮ್ ಆಗಿತ್ತು. ‘ಬಾಬಾ ಈಸ್ ಯು’ ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜ್ಯಾಮ್‌ನಲ್ಲಿ. ಮೊಳಕೆಯಲ್ಲೇ ನೋಡಿದ ಖುಷಿ ಬೇರೆಯೇ.

ಆದರೆ ಕೈಯಲ್ಲಿ ಇರುವುದೇ ಬೇರೆ, ಕಣ್ಣಿಗೆ ಬೀಳುವುದೇ ಬೇರೆ. 2020ರ ಜೂನ್‌ನಲ್ಲಿ ಇಚ್.ಐಒ ಜನಾಂಗೀಯ ನ್ಯಾಯದ ಹೆಸರಲ್ಲಿ ಒಂದು ಬಂಡಲ್ ತಂದಿತು. ಕನಿಷ್ಠ 5 ಡಾಲರ್ ಕೊಟ್ಟರೆ 1,700ಕ್ಕೂ ಹೆಚ್ಚು ಗೇಮ್ ಮತ್ತು ಇತರ ಸರಕು. 80 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಸೇರಿತು. ಕೊಂಡ ಲಕ್ಷಗಟ್ಟಲೆ ಜನರಲ್ಲಿ ಎಷ್ಟು ಮಂದಿ ಹತ್ತಕ್ಕಿಂತ ಹೆಚ್ಚು ತೆರೆದು ನೋಡಿರಬಹುದು? ಆಗ ಕೆಲವರು ಕೂತು ಒಂದೊಂದೇ ಆಡಿ, ಇದು ಇಂಥವರಿಗೆ, ಇದು ಅರ್ಧ ಗಂಟೆಯದ್ದು ಅಂತ ಪಟ್ಟಿ ಮಾಡಿ ಹಂಚಿದರು. ಅಷ್ಟು ದೊಡ್ಡ ರಾಶಿ ಜನರ ಉಪಯೋಗಕ್ಕೆ ಬಂದದ್ದು ಅಂಥವರಿಂದ.

ಹೇಳುವುದು ಹೇಗೆ?

‘ಸೂಪರ್ ಗೇಮ್, ಮಿಸ್ ಮಾಡ್ಬೇಡಿ.’ ಇದನ್ನು ಓದಿ ಯಾರಾದರೂ ಏನಾದರೂ ಕೊಂಡಿದ್ದಾರಾ? ‘ಗ್ರಾಫಿಕ್ಸ್ ಚೆನ್ನಾಗಿದೆ, ಮ್ಯೂಸಿಕ್ ಚೆನ್ನಾಗಿದೆ, ಕಥೆ ಪರವಾಗಿಲ್ಲ’ ಅನ್ನುವುದೂ ಅಷ್ಟೇ. ಮನಸ್ಸು ಒಳ್ಳೆಯದು, ಆದರೆ ಸಾವಿರ ಗೇಮ್‌ಗೆ ಅಂಟಿಸಬಹುದಾದ ಮಾತು ಯಾವ ಗೇಮ್‌ನ ಕೆಲಸಕ್ಕೂ ಬರುವುದಿಲ್ಲ. ಒಂದು ಕಡೆ ನಿಮ್ಮ ಕೈ ಏನು ಮಾಡಿತು, ಎಲ್ಲಿ ನಿಂತಿತು, ಯಾವ ಹೊತ್ತಲ್ಲಿ ತಲೆಯೊಳಗೆ ದೀಪ ಹತ್ತಿತು, ಅದನ್ನು ಹೇಳಬೇಕು.

ಈಗ ಹೇಳಿದ ‘ಬಾಬಾ ಈಸ್ ಯು’ ತೆಗೆದುಕೊಳ್ಳಿ. ಅದನ್ನು ‘ವಿಶಿಷ್ಟವಾದ ಪಜಲ್ ಗೇಮ್’ ಅಂದರೆ ಕೇಳಿದವರಿಗೆ ಏನೂ ಕಾಣುವುದಿಲ್ಲ. ಹೀಗೆ ಹೇಳಿ ನೋಡಿ: ಪರದೆಯ ಮೇಲೆ ಒಂದು ಬಿಳಿ ಪ್ರಾಣಿ, ಕಲ್ಲುಗಳು, ಗೋಡೆ, ಒಂದು ಬಾವುಟ. ಅವುಗಳ ಪಕ್ಕದಲ್ಲೇ ಆಟದ ನಿಯಮಗಳು ಪದಗಳಾಗಿ ಬಿದ್ದಿವೆ. ‘ವಾಲ್’, ‘ಈಸ್’, ‘ಸ್ಟಾಪ್’, ಮೂರೂ ಬೇರೆ ಬೇರೆ ಕಟ್ಟಿಗೆಯ ತುಂಡಿನ ಹಾಗೆ. ಗೋಡೆ ದಾಟಲು ಆಗುತ್ತಿಲ್ಲ. ಸುತ್ತಿ ಸುತ್ತಿ ಸಾಕಾಗಿ, ಸುಮ್ನೆ ‘ಸ್ಟಾಪ್’ ಅನ್ನುವ ಪದವನ್ನು ಒಂದು ಹೆಜ್ಜೆ ಪಕ್ಕಕ್ಕೆ ತಳ್ಳುತ್ತೀರಿ. ವಾಕ್ಯ ಮುರಿಯಿತು. ಗೋಡೆ ಈಗ ಗೋಡೆಯೇ ಅಲ್ಲ, ಅದರ ಮೇಲೆಯೇ ನಡೆದು ಹೋಗಬಹುದು. ಇಷ್ಟು ಕೇಳಿದವರು ‘ಹಂಗಾದ್ರೆ ಬಾವುಟದ ವಾಕ್ಯ ಬದಲಾಯಿಸಿದ್ರೆ?’ ಅಂತ ಕೇಳದೆ ಇರುವುದಿಲ್ಲ. ಆ ಪ್ರಶ್ನೆ ಹುಟ್ಟಿದರೆ ಅವರು ಅರ್ಧ ಆಡಿದ ಹಾಗೆಯೇ.

ಇನ್ನೊಂದು ಉದಾಹರಣೆ. 2019ರಲ್ಲಿ ಆಡಮ್ ರಾಬಿನ್ಸನ್-ಯು ಮಾಡಿದ ‘ಎ ಶಾರ್ಟ್ ಹೈಕ್’ ಬಗ್ಗೆ ಗೆಳೆಯರಿಗೆ ಬರೆಯುವುದಾದರೆ ನಾನು ಹೀಗೆ ಬರೆಯುತ್ತೇನೆ:

“ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯಿತು. ಕ್ಲೇರ್ ಅನ್ನೋ ಪುಟ್ಟ ಹಕ್ಕಿಗೆ ಒಂದು ಫೋನ್ ಬರಬೇಕು. ಇಲ್ಲಿ ಸಿಗ್ನಲ್ ಇಲ್ಲ, ಬೆಟ್ಟದ ತುದಿಯಲ್ಲಿ ಸಿಗುತ್ತದಂತೆ. ಹತ್ತಲು ಚಿನ್ನದ ಗರಿ ಬೇಕು. ಗರಿ ಜಾಸ್ತಿ ಆದಷ್ಟೂ ಜಾಸ್ತಿ ಎತ್ತರ. ನಾನು ಗರಿ ಹುಡುಕಲು ಹೋಗಿ ಮೀನು ಹಿಡಿಯುತ್ತಾ ಕೂತೆ, ಬೆಟ್ಟ ಮರೆತೇ ಹೋಯಿತು. ಆಮೇಲೆ ಎತ್ತರದಿಂದ ಜಿಗಿದು ರೆಕ್ಕೆ ಬಿಚ್ಚಿ ದ್ವೀಪದ ಮೇಲೆಲ್ಲ ತೇಲಿದೆ, ಎಲ್ಲೂ ಇಳಿಯಲು ಮನಸ್ಸಿಲ್ಲ. ಹೊಡೆದಾಟ ಬೇಕು, ಕಷ್ಟ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ಚಿತ್ರ ತೀರಾ ಚೌಕ ಚೌಕವಾಗಿ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಪಿಕ್ಸೆಲ್ ಗಾತ್ರ ಕಡಿಮೆ ಮಾಡಿಕೊಳ್ಳಿ.”

ಇದರಲ್ಲಿ ದೊಡ್ಡ ಮಾತೇನೂ ಇಲ್ಲ. ಎಷ್ಟು ಹೊತ್ತಿನ ಗೇಮ್ ಅಂತ ಗೊತ್ತಾಯಿತು. ಕೈಗೆ ಏನು ಕೆಲಸ ಅಂತ ಗೊತ್ತಾಯಿತು. ಯಾರಿಗೆ ಆಗಿಬರುವುದಿಲ್ಲ ಅನ್ನುವುದೂ ಇದೆ. ನನಗೆ ಈ ಕೊನೆಯದೇ ಬಹಳ ಮುಖ್ಯ. ತಪ್ಪು ಆಟಗಾರ ಬಂದು, ಬೇಸರಪಟ್ಟು, ಬೆರಳು ಕೆಳಗೆ ಮಾಡಿ ಹೋದರೆ ಚಿಕ್ಕ ಗೇಮ್‌ಗೆ ಅದು ದೊಡ್ಡ ಪೆಟ್ಟು. ಹತ್ತು ರಿವ್ಯೂನಲ್ಲಿ ನಾಲ್ಕು ‘ಬೇಡ’ ಬಂದರೆ ಹಣೆಪಟ್ಟಿ ‘ಮಿಕ್ಸ್‌ಡ್’ ಆಗುತ್ತದೆ. ಯಾರಿಗಲ್ಲ ಅಂತ ಮೊದಲೇ ಹೇಳುವುದು ಗೇಮ್‌ಗೂ ಒಳ್ಳೆಯದು, ಓದುವವರಿಗೂ ಒಳ್ಳೆಯದು.

ಚಿಕ್ಕದಾಗಿದೆ ಅನ್ನುವುದನ್ನೇ ದೂರಾಗಿ ಬರೆಯುವವರಿದ್ದಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಎರಡು ಗಂಟೆಯಲ್ಲಿ ಮುಗಿಯಬೇಕು ಅಂತಲೇ ಅಳೆದು ಮಾಡಿದ ಗೇಮ್‌ಗೆ ಇಪ್ಪತ್ತು ಗಂಟೆ ಯಾಕಿಲ್ಲ ಅಂತ ಕೇಳಿದರೆ ಹೇಗೆ? ಸ್ಟೀಮ್‌ನಲ್ಲಿ 2015ರಿಂದ ಎರಡು ಗಂಟೆಗಿಂತ ಕಡಿಮೆ ಆಡಿ, ಕೊಂಡ 14 ದಿನದೊಳಗೆ ಕೇಳಿದರೆ ದುಡ್ಡು ವಾಪಸ್ ಸಿಗುತ್ತದೆ. ಕೊಳ್ಳುವವರಿಗೆ ಬಹಳ ಒಳ್ಳೆಯ ನಿಯಮ, ಹೊಸದನ್ನು ಧೈರ್ಯವಾಗಿ ಪ್ರಯತ್ನಿಸಬಹುದು. ಆದರೆ ಪೂರ್ತಿ ಆಡಿ, ಖುಷಿಪಟ್ಟು, ಆಮೇಲೆ ಹಣ ವಾಪಸ್ ಕೇಳುವುದಕ್ಕೂ ಇದೇ ದಾರಿ ಆಗಿಬಿಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಇನ್ನೊಂದು ಕಷ್ಟ. ‘ಔಟರ್ ವೈಲ್ಡ್ಸ್’ ಆಡಿದವರನ್ನು ಕೇಳಿ ನೋಡಿ, ‘ಏನೂ ಓದಬೇಡ, ಸುಮ್ನೆ ಆಡು’ ಅಂತಲೇ ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಬೇರೆ ಗೇಮ್‌ಗಳಲ್ಲಿ ಆಡಿದ ಹಾಗೆ ಶಕ್ತಿ ಬೆಳೆಯುತ್ತದೆ, ಆಯುಧ ಸಿಗುತ್ತದೆ. ಇಲ್ಲಿ ಬೆಳೆಯುವುದು ನಿಮಗೆ ಗೊತ್ತಿರುವ ವಿಷಯ ಮಾತ್ರ. ಆ ವಿಷಯವನ್ನು ಯಾರಾದರೂ ಮುಂಚೆಯೇ ಹೇಳಿದರೆ ಗೇಮ್‌ನಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಲೂಕಸ್ ಪೋಪ್‌ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಕೂಡ ಹಾಗೇ, ಒಂದು ಸಲ ಬಿಡಿಸಿದ ಒಗಟನ್ನು ಮತ್ತೆ ಮರೆಯಲು ಆಗುವುದಿಲ್ಲ. ಇಂಥವುಗಳ ಬಗ್ಗೆ ಬರೆಯುವಾಗ ಮೊದಲ ಅರ್ಧ ಗಂಟೆಯಲ್ಲಿ ಕಾಣುವುದನ್ನು ಮಾತ್ರ ಹೇಳಿ, ಆಮೇಲಿನದ್ದಕ್ಕೆ ನಿಮಗೆ ಹೇಗನ್ನಿಸಿತು ಅನ್ನುವುದಷ್ಟೇ ಹೇಳಿದರೆ ಸಾಕು.

ಇದಕ್ಕೆ ತದ್ವಿರುದ್ಧವಾದ ಗೇಮ್ ಕೂಡ ಇದೆ. ಬಿಲ್ಲಿ ಬಾಸೊ ಸುಮಾರು ಏಳು ವರ್ಷ ಒಬ್ಬರೇ ಕೂತು ಮಾಡಿದ ‘ಆ್ಯನಿಮಲ್ ವೆಲ್’ 2024ರ ಮೇನಲ್ಲಿ ಬಂತು. ಇಡೀ ಗೇಮ್ 40 ಎಂಬಿಗಿಂತ ಕಡಿಮೆ, ಫೋನ್‌ನಲ್ಲಿ ತೆಗೆದ ಹತ್ತಾರು ಫೋಟೋದಷ್ಟು. ಅದರ ಒಳಗೆ ಎಲ್ಲೋ ಒಂದು ಕಡೆ ಒಂದು ಚಿತ್ರ ಇದೆ. ಪ್ರತಿ ಆಟಗಾರನಿಗೆ ಅದರ ಒಂದು ಚೂರು ಮಾತ್ರ ಕಾಣುತ್ತದೆ. ಪೂರ್ತಿ ನೋಡಬೇಕು ಅಂದರೆ ಬೇರೆಯವರು ತಮ್ಮ ಚೂರು ತಂದು ಸೇರಿಸಬೇಕು. ಹಂಚಿಕೊಳ್ಳುವುದನ್ನೇ ಒಗಟಿನ ಒಳಗೆ ಇಟ್ಟುಬಿಟ್ಟಿದ್ದಾರೆ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಪ್ರೀತಿ ಇದ್ದರೂ ಸುಳ್ಳು ಬೇಡ

ಚಿಕ್ಕ ತಂಡ, ಪಾಪ, ಕಷ್ಟಪಟ್ಟಿದ್ದಾರೆ ಅಂತ ಎಲ್ಲವನ್ನೂ ಹೊಗಳುವುದು ಶುರುವಾದರೆ ಯಾರೂ ನಿಮ್ಮ ಮಾತು ನಂಬುವುದಿಲ್ಲ. ‘ಹಿಡನ್ ಜೆಮ್’ (ಅಡಗಿದ ರತ್ನ) ಅನ್ನುವ ಮಾತು ಈಗ ಎಷ್ಟು ಸವೆದು ಹೋಗಿದೆ ಅಂದರೆ, ಅದನ್ನು ಕಂಡರೆ ನಾನು ಮುಂದಕ್ಕೆ ಹೋಗಿಬಿಡುತ್ತೇನೆ. ಗೇಮ್‌ನಲ್ಲಿ ತೊಂದರೆ ಇದ್ದರೆ ಹೇಳಬೇಕು. ಸ್ಟೀಮ್‌ನಲ್ಲಿ ಬೆರಳು ಮೇಲೆ ಅಥವಾ ಕೆಳಗೆ, ಎರಡೇ ದಾರಿ, ನಡುವಿನದು ಇಲ್ಲ. ಹಾಗಾಗಿ ನಡುವಿನ ಮಾತನ್ನೆಲ್ಲ ಅಕ್ಷರದಲ್ಲೇ ಬರೆಯಬೇಕು. ಇಷ್ಟವಾಗಿದೆ, ಆದರೆ ಮೂರನೇ ಭಾಗದಲ್ಲಿ ಸೇವ್ ಕೈಕೊಟ್ಟಿತು ಅಂತ. ಅಂಥ ಬಗ್ ಕಂಡರೆ ಮೊದಲು ಡೆವಲಪರ್‌ಗೆ ತಿಳಿಸುವುದು ನನ್ನ ಪದ್ಧತಿ. ಒಬ್ಬಿಬ್ಬರ ತಂಡದಲ್ಲಿ ನಿಮ್ಮ ಸಂದೇಶ ನೇರವಾಗಿ ಕೋಡ್ ಬರೆದವರ ಕೈಗೇ ಹೋಗುತ್ತದೆ. ಸರಿ ಹೋದರೆ ರಿವ್ಯೂ ತಿದ್ದಬಹುದು, ಸ್ಟೀಮ್ ಅದಕ್ಕೆ ಅವಕಾಶ ಕೊಡುತ್ತದೆ. ತಿದ್ದುವುದನ್ನು ಮಾತ್ರ ಮರೆಯಬೇಡಿ. ಎರಡು ವರ್ಷದ ಹಿಂದೆಯೇ ಸರಿಪಡಿಸಿದ ಬಗ್‌ನ ದೂರು ಇವತ್ತಿಗೂ ಪೇಜ್‌ನ ಮೇಲ್ಗಡೆ ಕೂತಿರುವುದನ್ನು ನೋಡಿದ್ದೇನೆ.

ಇನ್ನೊಂದು ಕಡೆ ಮೋಸವೂ ಇದೆ. ನಾನು ವಿಮರ್ಶಕ, ನನಗೆ ಇಷ್ಟು ಸಾವಿರ ಫಾಲೋವರ್ಸ್ ಇದ್ದಾರೆ, ಐದು ಕೀ ಕಳಿಸಿ ಅಂತ ಡೆವಲಪರ್‌ಗಳಿಗೆ ರಾಶಿ ರಾಶಿ ಮೇಲ್ ಬರುತ್ತದೆ. ಕಳಿಸಿದ ಕೀಗಳು ಆಮೇಲೆ ಬೇರೆ ಸೈಟ್‌ಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಇದರಿಂದ ನಿಜವಾಗಿ ಬರೆಯುವವರ ಮೇಲ್‌ಗೂ ಉತ್ತರ ಬರುವುದು ನಿಂತಿದೆ. ಆದ್ದರಿಂದ ಬರೆಯಲು ಶುರು ಮಾಡುವವರಿಗೆ ನಾನು ಹೇಳುವುದು, ಆದಷ್ಟು ಕೊಂಡೇ ಆಡಿ. ಅಂಕಕ್ಕೂ ಅದೇ ಲೆಕ್ಕ, ಬರೆಯುವಾಗ ಮನಸ್ಸಿಗೂ ಅದೇ ನಿರಾಳ.

ಹೊಸದರ ಹಿಂದೆಯೇ ಓಡಬೇಕು ಅಂತಲೂ ಇಲ್ಲ. ‘ಅಮಾಂಗ್ ಅಸ್’ಗೆ ಎರಡು ವರ್ಷ ಬೇಕಾಯಿತು. ನಿಮ್ಮ ಲೈಬ್ರರಿಯಲ್ಲಿ, ಯಾವುದೋ ಬಂಡಲ್‌ನಲ್ಲಿ ಬಂದು ತೆರೆಯದೇ ಇರುವ ಗೇಮ್ ಒಂದು ಇದ್ದೇ ಇರುತ್ತದೆ. ಅಲ್ಲಿಂದ ಶುರು ಮಾಡಬಹುದು.

ಯಾಕೆಂದರೆ ಗೇಮ್‌ಗಳು ಮಾಯವೂ ಆಗುತ್ತವೆ. 2025ರ ಜುಲೈನಲ್ಲಿ ಹಣ ಪಾವತಿ ಕಂಪನಿಗಳ ಒತ್ತಡಕ್ಕೆ ಸಿಕ್ಕಿ ಇಚ್.ಐಒ ವಯಸ್ಕರ ವಿಷಯ ಅಂತ ಗುರುತಾದ ಎಲ್ಲವನ್ನೂ ಒಮ್ಮೆಲೇ ತನ್ನ ಹುಡುಕಾಟದಿಂದ ತೆಗೆದುಹಾಕಿತು. ಹಲವು ಪೇಜ್‌ಗಳು ಇದ್ದವು, ಆದರೆ ನೇರ ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತಿದ್ದವು. ಅದಕ್ಕೂ ಮುಂಚೆ, 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ತನ್ನ ಫ್ಲ್ಯಾಶ್ ತಂತ್ರಾಂಶವನ್ನು ನಿಲ್ಲಿಸಿತು. ಬ್ರೌಸರ್‌ನಲ್ಲಿ ಆಡುತ್ತಿದ್ದ ಒಂದು ಇಡೀ ಕಾಲದ ಪುಟ್ಟ ಗೇಮ್‌ಗಳು ಅದರ ಜೊತೆ ಹೋಗಬೇಕಿತ್ತು. 2018ರಿಂದಲೇ ‘ಫ್ಲ್ಯಾಶ್‌ಪಾಯಿಂಟ್’ ಅನ್ನುವ ಸ್ವಯಂಸೇವಕರ ಗುಂಪು ಅವನ್ನು ಕೂಡಿಡಲು ಶುರು ಮಾಡಿತ್ತು. ಲಕ್ಷಕ್ಕೂ ಹೆಚ್ಚು ಗೇಮ್ ಮತ್ತು ಆ್ಯನಿಮೇಶನ್‌ಗಳು ಹಾಗೆ ಉಳಿದವು.

ಈಗಲೂ ಜನ ಆ ಕಾಲದ ಗೇಮ್ ಹುಡುಕುತ್ತಾ ಕೇಳುತ್ತಿರುತ್ತಾರೆ. ಹೆಸರು ನೆನಪಿಲ್ಲ, ಒಂದು ಹಳದಿ ದೋಣಿ ಇತ್ತು, ರಾತ್ರಿ ಆದರೆ ಸಂಗೀತ ನಿಲ್ಲುತ್ತಿತ್ತು, ಇಷ್ಟೇ ಗೊತ್ತು ಅಂತ. ರಾಶಿಯಲ್ಲಿ ಆ ಗೇಮ್ ಇದ್ದರೂ ಇರಬಹುದು, ಆದರೆ ಹಳದಿ ದೋಣಿ ಅಂತ ಹುಡುಕಿದರೆ ಸಿಗುವುದಿಲ್ಲ. ಸಿಗುವುದು, ಹಿಂದೆ ಯಾವಾಗಲೋ ಬೇರೆ ಯಾರೋ ಒಬ್ಬರು ಅದನ್ನು ಆಡಿ, ಅದೇ ದೋಣಿಯ ಬಗ್ಗೆ, ಅದೇ ನಿಂತ ಸಂಗೀತದ ಬಗ್ಗೆ ಹೆಸರಿನ ಸಮೇತ ಎರಡು ಸಾಲು ಬರೆದಿಟ್ಟಿದ್ದರೆ.